ಬೈಯುವುದಕ್ಕೂ ಗಂಟಲು ಬೇಕು

“ಐದು ಗ್ರ್ಯಾಮಿ ಬಂದಿದೆ. ಇನ್ನೇನು ಚರ್ಚೆ?” ಅಂದುಬಿಟ್ಟ ಗೆಳೆಯ. ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ನ ‘ನಾಟ್ ಲೈಕ್ ಅಸ್’ ಹಾಡನ್ನು ಮೀರಿಸುವ ಡಿಸ್ ಟ್ರ್ಯಾಕ್, ಅಂದರೆ ಒಬ್ಬ ರ‍್ಯಾಪರ್ ಇನ್ನೊಬ್ಬನನ್ನು ಬೈದು ಕಟ್ಟಿದ ಹಾಡು, ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ ಅಂತ ಅವನ ತೀರ್ಪು. ಹಾಡಿನ ಮೇಲೆ ನನಗೇನೂ ತಕರಾರಿಲ್ಲ. ಅದು ಶುರುವಾದರೆ ನನ್ನ ಕಾಲೂ ಸುಮ್ಮನಿರುವುದಿಲ್ಲ. ಆದರೆ ಪದಕ ಎಣಿಸಿ ಜಗಳ ಇತ್ಯರ್ಥ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಬೈದಾಟಕ್ಕೆ ಬಹುಮಾನ ಅನ್ನುವುದೇ ವಿಚಿತ್ರ, ಅಲ್ವಾ? ಬೀದಿಯಲ್ಲಿ ಇಬ್ಬರು ಕಿತ್ತಾಡುತ್ತಿರುವಾಗ ಯಾರೋ ಕೋಟು ತೊಟ್ಟವರು ನಡುವೆ ನುಗ್ಗಿ, ಒಬ್ಬನ ಕೊರಳಿಗೆ ಹಾರ ಹಾಕಿ ಹೋದ ಹಾಗೆ.

ಇನ್ನು ಕೆಲವರು ಸಾಲು ಸಾಲು ಬಿಡಿಸಿಕೊಂಡು ಕೂರುತ್ತಾರೆ. ಯಾರು ಯಾರ ಗುಟ್ಟು ರಟ್ಟು ಮಾಡಿದರು, ಯಾವ ಸಾಲಿನಲ್ಲಿ ಎಷ್ಟು ಪ್ರಾಸ, ಯಾವ ಮಾತಿಗೆ ಎರಡರ್ಥ, ಯಾವುದಕ್ಕೆ ಮೂರರ್ಥ. ಅದೂ ಒಂದು ಸುಖವೇ. ಆದರೆ ದನಿಯ ಮಾತನ್ನು ಯಾರೂ ಎತ್ತುವುದಿಲ್ಲ. ಅದೇ ಬೈಗುಳವನ್ನು ಸಪ್ಪೆ ಗಂಟಲಿನವನು ಹೇಳಿದರೆ ಬರೀ ದೂರು ಅನ್ನಿಸುತ್ತದೆ. ಸರಿಯಾದ ಗಂಟಲಿನಿಂದ ಬಂದರೆ ಎದುರಾಳಿ ನೀರೊಳಗಿದ್ದರೂ ಬೆವರಬೇಕು. ನನ್ನದು ಏನಿದ್ದರೂ ಗಂಟಲುಗಳ ಪಟ್ಟಿ. ಅದರ ಮೊದಲ ಹೆಸರು 14 ವರ್ಷದ ಒಬ್ಬ ಹುಡುಗಿಯದು.

1984ರ ಮಾತು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಯು.ಟಿ.ಎಫ್.ಓ. ತಂಡ ‘ರಾಕ್ಸಾನ್, ರಾಕ್ಸಾನ್’ ಅಂತ ಒಂದು ಹಾಡು ಬಿಟ್ಟಿತ್ತು. ಮೂವರು ಹುಡುಗರು ಸರದಿಯ ಮೇಲೆ ರಾಕ್ಸಾನ್ ಎಂಬ ಹುಡುಗಿಯ ಹಿಂದೆ ಬೀಳುತ್ತಾರೆ. ಅವಳು ಸೊಪ್ಪು ಹಾಕುವುದಿಲ್ಲ. ಅದಕ್ಕೆ ಇವರಿಗೆ ಹೊಟ್ಟೆಯುರಿ. ಹಾಡು ಚೆನ್ನಾಗಿಯೇ ಓಡಿತು. ಓಡಿದ ಮೇಲೆ ತಂಡ ಒಂದು ಕಾರ್ಯಕ್ರಮಕ್ಕೆ ಕೈಕೊಟ್ಟಿತು. ಅದರ ಸಂಘಟಕರು ಕ್ವೀನ್ಸ್‌ಬ್ರಿಜ್ ವಸತಿ ಕಟ್ಟಡಗಳ ಹತ್ತಿರ ಇದನ್ನೇ ಗೊಣಗುತ್ತಿದ್ದಾಗ, ಅಲ್ಲಿಯೇ ಬೆಳೆದ ಲೊಲೀಟಾ ಶಾಂಟೆ ಗುಡೆನ್ ಕೇಳಿಸಿಕೊಂಡಳು. ಆ ರಾಕ್ಸಾನ್ ನಾನೇ ಆಗಿ ಉತ್ತರ ಕೊಡುತ್ತೇನೆ ಅಂತ ಮುಂದೆ ಬಂದಳು. ಬಟ್ಟೆ ಒಗೆಯಲು ಹೊರಟಿದ್ದವಳು ದಾರಿಯಲ್ಲಿ ನಿರ್ಮಾಪಕ ಮಾರ್ಲಿ ಮಾರ್ಲ್‌ನ ಮನೆ ಹೊಕ್ಕು, ಒಂದಕ್ಷರ ಬರೆದುಕೊಳ್ಳದೆ, ಒಂದೇ ಟೇಕಿನಲ್ಲಿ ‘ರಾಕ್ಸಾನ್ಸ್ ರಿವೆಂಜ್’ ಮುಗಿಸಿದಳಂತೆ. ಹಿಂದೆ ನುಡಿಯುವ ಬೀಟೂ ಎದುರಾಳಿಗಳದ್ದೇ. ಬಟ್ಟೆಗಿಂತ ಮೊದಲು ಅವರನ್ನು ಒಗೆದಳು.

ಆ ದನಿಯನ್ನು ಕೇಳಬೇಕು. ಇನ್ನೂ ಬಲಿಯದ, ಕೀರಲು ದನಿ. ಪಲ್ಲವಿ ಗಿಲ್ಲವಿ ಏನಿಲ್ಲ. ಮೂವರನ್ನೂ ಹೆಸರು ಹಿಡಿದು ಸಾಲಾಗಿ ನಿಲ್ಲಿಸಿ ಝಾಡಿಸುತ್ತಾಳೆ. ಒಬ್ಬನದು ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನವನ ಸರದಿ. ಎದೆಯಿಂದ ಬರುವ ದಪ್ಪ ಗಂಡು ದನಿಯೇ ಈ ಕಲೆಯ ಬಂಡವಾಳ ಎಂದುಕೊಂಡವರೆಲ್ಲ ಆ ಹುಡುಗಿಯ ಮುಂದೆ ಬೆಪ್ಪಾಗಿ ನಿಂತರು.

ಆಮೇಲೆ ಉತ್ತರಕ್ಕೆ ಉತ್ತರ, ಅದಕ್ಕೆ ಇನ್ನೊಂದು ಉತ್ತರ. ಯು.ಟಿ.ಎಫ್.ಓ. ಕಡೆಯಿಂದ ‘ದ ರಿಯಲ್ ರಾಕ್ಸಾನ್’ ಎಂಬ ಮತ್ತೊಬ್ಬಳು ಬಂದಳು. ರಾಕ್ಸಾನ್‌ಳ ಅಪ್ಪ ಅಮ್ಮನ ಹೆಸರಿನಲ್ಲಿ ಹಾಡು ಬಂತು. ಅಣ್ಣನ ಹೆಸರಿನಲ್ಲಿ ಬಂತು. ಕೊನೆಗೆ ಅವಳ ಡಾಕ್ಟರ ಹೆಸರಿನಲ್ಲೂ ಬಂತು. ಇಲ್ಲದ ಹುಡುಗಿಗೆ ಎಷ್ಟು ದೊಡ್ಡ ಸಂಸಾರ!

ಮರುವರ್ಷ ನ್ಯೂಯಾರ್ಕಿನ ನ್ಯೂ ಮ್ಯೂಸಿಕ್ ಸೆಮಿನಾರ್‌ನಲ್ಲಿ ರ‍್ಯಾಪ್ ಸ್ಪರ್ಧೆ. ಶಾಂಟೆ ಗಂಡಸರನ್ನು ಸೋಲಿಸಿಕೊಂಡೇ ಫೈನಲ್‌ಗೆ ಬಂದಳು. ಎದುರಿಗೆ ಬಿಜಿ ಬೀ ಎಂಬ ರ‍್ಯಾಪರ್. ಸೋತಳು. ಆಗ ಅವಳಿಗೆ 15. ಇಷ್ಟು ಚಿಕ್ಕ ಹುಡುಗಿ ಗೆದ್ದರೆ ಈ ಕಲೆಯನ್ನು ಯಾರೂ ಗಂಭೀರವಾಗಿ ನೋಡುವುದಿಲ್ಲ ಅಂತ ತೀರ್ಪುಗಾರನೊಬ್ಬ ಬೇಕೆಂದೇ ಅಂಕ ಇಳಿಸಿದ ಎಂದು ಅವಳು ಮುಂದೆ ಹೇಳಿಕೊಂಡಿದ್ದಾಳೆ. ಇದನ್ನು ಓದಿದಾಗಿನಿಂದ ನನಗೆ ತೀರ್ಪುಗಾರರೆಂದರೆ ಆಗುವುದಿಲ್ಲ. ಗಂಭೀರವಾಗಿ ನೋಡಬೇಕಂತೆ! ಒಬ್ಬರ ಟೋಪಿಯನ್ನು ಇನ್ನೊಬ್ಬರು ಆಡಿಕೊಳ್ಳುವ ಕಲೆ ಇದು.

ಎಲ್ಲಿಂದ ಎಲ್ಲಿಗೋ ಹೋದೆ. ಮಿಕ್ಕವರನ್ನು ಬೇಗ ಮುಗಿಸುತ್ತೇನೆ. 1987ರಲ್ಲಿ ಕೆ.ಆರ್.ಎಸ್.-ಒನ್ ಎಂಬ ರ‍್ಯಾಪರ್ ‘ದ ಬ್ರಿಜ್ ಈಸ್ ಓವರ್’ ಅಂತ ಹಾಡಿ ಎಂಸಿ ಶಾನ್‌ನನ್ನೂ ಅವನ ಇಡೀ ಕ್ವೀನ್ಸ್‌ಬ್ರಿಜ್ಜನ್ನೂ ಮಣ್ಣು ಮಾಡಿದ. ಪಾಪ, ಶಾನ್ ತನ್ನ ಹಾಡಿನಲ್ಲಿ ಹಿಪ್‌ಹಾಪ್ ಹುಟ್ಟಿದ್ದೇ ನಮ್ಮಲ್ಲಿ ಅಂದಿರಲಿಲ್ಲ. ನಮ್ಮ ಕೇರಿಯಲ್ಲಿ ಅದು ಹೇಗೆ ಶುರುವಾಯಿತು ಅಂದಿದ್ದ, ಅಷ್ಟೇ. ಆದರೆ ಅದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಶಾನ್‌ನದು ತೆಳು ದನಿ. ಕೆ.ಆರ್.ಎಸ್. ಜಮೈಕಾದ ಧಾಟಿಯಲ್ಲಿ ರಾಗ ಎಳೆದು ಅಣಕಿಸುತ್ತಾನೆ. ರಾಗ ಎಳೆದು ಅಣಕಿಸುವವನ ಮುಂದೆ ಸತ್ಯ ಇಟ್ಟುಕೊಂಡು ಏನು ಮಾಡುವುದು?

ಟೂಪಾಕ್‌ನ ‘ಹಿಟ್ ಎಮ್ ಅಪ್’ ಬಂದದ್ದು 1996ರ ಜೂನ್‌ನಲ್ಲಿ. ಬೈಸಿಕೊಂಡವನು ಬಿಗಿ, ಅಂದರೆ ನಟೋರಿಯಸ್ ಬಿ.ಐ.ಜಿ. ಎಂಬ ರ‍್ಯಾಪರ್. ಹಾಡು ಮುಗಿದರೂ ಸಿಟ್ಟು ಮುಗಿಯದೆ ಅವನು ಸುಮ್ನೆ ಮಾತಿನಲ್ಲೇ ಬೈಯುತ್ತಾ ಹೋಗುತ್ತಾನೆ. ಅಂಥ ದನಿ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಸೆಪ್ಟೆಂಬರ್‌ನಲ್ಲಿ ಅವನು ಗುಂಡೇಟಿಗೆ ಸತ್ತ, ಮುಂದಿನ ಮಾರ್ಚ್‌ನಲ್ಲಿ ಬಿಗಿಯೂ ಹಾಗೆಯೇ ಹೋದ. ಅದಕ್ಕೆ ನಂಬರ್ ಕೊಡಲು ನನಗೆ ಮನಸ್ಸಿಲ್ಲ.

ಅಂಥ ಟೂಪಾಕ್ ಗಂಟಲನ್ನು 2024ರಲ್ಲಿ, ಕೆಂಡ್ರಿಕ್ ಜತೆಗಿನ ಜಗಳದಲ್ಲಿ, ರ‍್ಯಾಪರ್ ಡ್ರೇಕ್ ಎರವಲು ತಂದ. ‘ಟೇಲರ್ ಮೇಡ್ ಫ್ರೀಸ್ಟೈಲ್’ನಲ್ಲಿ ಟೂಪಾಕ್ ಮತ್ತು ಸ್ನೂಪ್ ಡಾಗ್ ದನಿಗಳನ್ನು ಎಐಯಿಂದ ಮಾಡಿಸಿ, ಅವರ ಬಾಯಲ್ಲಿ ಕೆಂಡ್ರಿಕ್‌ನನ್ನು ಕೆಣಕಿಸಿದ. ಟೂಪಾಕ್ ಆಸ್ತಿಯ ಹಕ್ಕುದಾರರ ಕಡೆಯಿಂದ ವಕೀಲರ ನೋಟಿಸ್ ಬಂತು, ಹಾಡನ್ನು ಕಿತ್ತುಹಾಕಿದ. ಕಾನೂನಿನ ಮಾತು ಬಿಡಿ. ನಿನ್ನ ಜಗಳಕ್ಕೆ ಸತ್ತವನನ್ನು ಕರೆಯುತ್ತೀಯಲ್ಲ, ನಿನಗೆ ಬಾಯಿಲ್ಲವೇ? ಅದೇ ಜಗಳದಲ್ಲಿ ಕೆಂಡ್ರಿಕ್ ‘ಮೀಟ್ ದ ಗ್ರಹಾಮ್ಸ್’ ಅಂತ ಒಂದು ಬಿಟ್ಟ. ಡ್ರೇಕ್ ಮನೆಯವರಿಗೆ ಒಬ್ಬೊಬ್ಬರಿಗೂ ಕಾಗದ ಬರೆದಂತೆ, ಒಂದಿಷ್ಟೂ ದನಿ ಏರಿಸದೆ ಮಾತಾಡುತ್ತಾನೆ. ಅದನ್ನು ಎರಡನೇ ಸಲ ಕೇಳುವುದು ಕಷ್ಟ. ಕುಣಿಯುವುದಂತೂ ಆಗದ ಮಾತು. ನನ್ನ ಪಟ್ಟಿಯಲ್ಲಿ ಅದು ‘ನಾಟ್ ಲೈಕ್ ಅಸ್’ಗಿಂತ ಮೇಲೆ.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು 2001ಕ್ಕೆ. ರ‍್ಯಾಪರ್ ಜೇ-ಝಿಯ ‘ಟೇಕ್‌ಓವರ್’ ಮೇಲೋ, ಅದಕ್ಕೆ ನಾಸ್ ಕೊಟ್ಟ ಉತ್ತರ ‘ಈಥರ್’ ಮೇಲೋ? ಜೇ-ಝಿ ತಣ್ಣಗೆ ಕೂತು ನಾಸ್‌ನ ಆಲ್ಬಂಗಳ ಲೆಕ್ಕ ತೆಗೆಯುತ್ತಾನೆ. ಹತ್ತು ವರ್ಷಕ್ಕೊಂದು ಒಳ್ಳೆಯದು ಅಂತ ಸರಾಸರಿ ಹೇಳುತ್ತಾನೆ. ಲೆಕ್ಕ ಪಕ್ಕಾ. ಸಂಗೀತವೂ ಅವನದೇ ವಾಸಿ. ನಾಸ್ ಹೇಳುವುದರಲ್ಲಿ ಅರ್ಧ ಬರೀ ಚಿಲ್ಲರೆ ಮಾತು. ಆದರೆ ಆ ದನಿಯಲ್ಲಿ ಒಂದು ಉರಿ ಇದೆ. ನಿಜಕ್ಕೂ ನೋವಾದವನ ಉರಿ. ಅದಕ್ಕೆ ಜೇ-ಝಿ ಕೊಟ್ಟ ಮರುತ್ತರ ಎಷ್ಟು ಕೊಳಕಾಗಿತ್ತೆಂದರೆ, ಅವನ ತಾಯಿಯೇ ಬೈದು ಕ್ಷಮೆ ಕೇಳು ಅಂದರು. ಅವನು ರೇಡಿಯೋದಲ್ಲಿ ಕ್ಷಮೆಯನ್ನೂ ಕೇಳಿದ.

2005ರಲ್ಲಿ ಜೇ-ಝಿ ‘ಐ ಡಿಕ್ಲೇರ್ ವಾರ್’ ಅಂತ ಹೆಸರಿಟ್ಟು ಒಂದು ಕಾರ್ಯಕ್ರಮ ಮಾಡಿದ. ಹೆಸರು ಯುದ್ಧದ್ದು. ವೇದಿಕೆ ಮೇಲೆ ನಾಸ್‌ನನ್ನು ಕರೆದು ರಾಜಿ ಮಾಡಿಕೊಂಡ. ಮರುವರ್ಷ ಇಬ್ಬರೂ ಒಟ್ಟಿಗೆ ಒಂದು ಹಾಡನ್ನೂ ಹಾಡಿದರು. ಜಗಳ ನೋಡಲೆಂದೇ ಟಿಕೆಟ್ ಕೊಂಡು ಬಂದವರ ಗತಿ ಏನು? ಅವರು ರಾಜಿಯಾದರೆ ನಾವೂ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ನಾನು ‘ಈಥರ್’ ಕಡೆಯವನು. ಲೆಕ್ಕದ ಪುಸ್ತಕ ಹಿಡಿದು ಬರುವವರು ಬರಬಹುದು, ನನಗೂ ಸಂಜೆ ಬೇರೇನೂ ಕೆಲಸವಿಲ್ಲ.