ಗೆರಟೆಗೆ ಫಿನಿಶಿಂಗ್ ಇಲ್ಲ

ಮೂರರಿಂದ ಎಂಟು ವರ್ಷದವರಿಗೆ ಆಟದ ಮೂಲಕವೇ ಕಲಿಸಿ ಎಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಮಂಗಳೂರಿನ ಪ್ಲೇಸ್ಕೂಲು ತಕ್ಷಣ ಕಾರ್ಯಪ್ರವೃತ್ತವಾಯಿತು: ಬುಧವಾರ 10.40ರಿಂದ 11, ಕಲ್ಪನಾ ಆಟ. ಪೋಷಕರ ವಾಟ್ಸ್ಯಾಪ್ ಗುಂಪಿಗೆ ಸುತ್ತೋಲೆಯೂ ಬಂತು. ತೆಂಗಿನ ಗೆರಟೆ 2, ನಾರು ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಬಣ್ಣ ಬಳಿದು, ಹೆಸರು ಅಂಟಿಸಿ ಕಳಿಸಬೇಕು. ಗೆರಟೆಯನ್ನು ಪಾತ್ರೆಯೆಂದೇ ಕಲ್ಪಿಸಿಕೊಳ್ಳಲು ಮನೆಯಲ್ಲಿ ಅಭ್ಯಾಸ ಮಾಡಿಸಬೇಕು.

ಹಿತ್ತಲಲ್ಲಿ ಹನ್ನೆರಡು ತೆಂಗಿನಮರ ಇರುವ ತಾಯಿ ಆ ರಾತ್ರಿ ಆನ್‌ಲೈನಿನಲ್ಲಿ ಗೆರಟೆ ಹುಡುಕುತ್ತಾರೆ. ಮನೆಯದಕ್ಕೆ ಫಿನಿಶಿಂಗ್ ಇಲ್ಲವಂತೆ.

ಬಚ್ಚಲೊಲೆಯ ಪಕ್ಕ ಬಿದ್ದಿದ್ದಾಗ ಅದೇ ಗೆರಟೆ ಬೆಳಿಗ್ಗೆ ದೋಣಿ, ಮಧ್ಯಾಹ್ನ ಆಮೆ, ಸಂಜೆ ಫೋನು. ಅಂಗಡಿಯ ಪ್ಲಾಸ್ಟಿಕ್ ಒಲೆಗೆ ಆ ಭಾಗ್ಯವಿಲ್ಲ, ಅದು ಒಲೆಯಾಗಿಯೇ ಸಾಯಬೇಕು. ಕೋಲನ್ನು ಕುದುರೆ ಮಾಡಿಕೊಂಡ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುತ್ತದೆ ಎಂದು ಸೋವಿಯತ್ ಮನೋವಿಜ್ಞಾನಿ ವೈಗಾಟ್‌ಸ್ಕಿ 1933ರಲ್ಲೇ ವಿವರಿಸಿದ್ದರು. ನಾಲ್ಕು ಗೆರೆಯನ್ನು 'ಅ' ಎಂದು ಒಪ್ಪಿಕೊಳ್ಳುವುದಕ್ಕೂ ಇದೇ ಕಸುಬು ಬೇಕು. 'ಅ' ತಿದ್ದಿಸಲು ಹೊತ್ತು ಸಾಲದೆಂದು ಶಾಲೆ ಕೋಲು ಕಸಿದಿಟ್ಟಿದೆ.

ಇನ್ನು ಇಪ್ಪತ್ತು ನಿಮಿಷದ ಲೆಕ್ಕ. ನಾಲ್ಕು ವರ್ಷದ ನಾಲ್ವರು ಹುಲಿವೇಷ ಆಡಲು ಹೊರಟರೆ ನಾಲ್ವರೂ ಹುಲಿಯೇ. ತಾಸೆ ವಾದ್ಯಕ್ಕೆ, ಅಂದರೆ ಇಲ್ಲಿ ಬಿಸ್ಕತ್ತಿನ ಡಬ್ಬಕ್ಕೆ, ಜನ ಇಲ್ಲ. ಒಬ್ಬ ಅಳುತ್ತಾನೆ, ಒಬ್ಬಳು ಮರಿಹುಲಿಗೆ ಇಳಿದು ರಾಜಿಯಾಗುತ್ತಾಳೆ. ಇಷ್ಟಕ್ಕೇ ಕಾಲು ಗಂಟೆ ಬೇಕು, ಆಟದ ಸತ್ವ ಬಹುಪಾಲು ಇರುವುದೂ ಈ ಜಗಳದಲ್ಲೇ. ಡಬ್ಬ ಬಡಿಯಲು ಒಪ್ಪಿದವನು, ಕಾಲು ಎಷ್ಟು ತುರಿಸಿದರೂ, ಕುಣಿಯುವಂತಿಲ್ಲ, ಕುಣಿಯುವುದೂ ಇಲ್ಲ. ಸುಮ್ಮನೆ ನಿಲ್ಲು ಎಂದು ಮಿಸ್ ಗದರಿದರೆ ಅವನೇ ಅರ್ಧ ನಿಮಿಷ ನಿಲ್ಲಲಾರ. ಅರ್ಧ ಮುಕ್ಕಾಲು ಗಂಟೆ ಬಿಟ್ಟುಕೊಟ್ಟರೆ ಹುಲಿ ನಿಜಕ್ಕೂ ಏಳುತ್ತದೆ. ಇಲ್ಲಿ ಮೊದಲ ಅಳುವಿಗೇ ಮಿಸ್ ಚೀಟಿ ಎತ್ತಿ ಹುಲಿಯನ್ನು ನೇಮಿಸುತ್ತಾರೆ, ಕುಣಿತ ಶುರುವಾಗುವಾಗ ಬೆಲ್ಲು.

ಬಳಿಕ ಮೌಲ್ಯಮಾಪನ. ಹುಲಿಗೆ ಎಷ್ಟು ಕಾಲು? ತನ್ನ ಕಾಲು ನೋಡಿಕೊಂಡು ಎರಡು ಎಂದ ಹುಲಿಗೆ ಸೊನ್ನೆ.

ಪುಣ್ಯಕ್ಕೆ ಜುಲೈ ಇದೆ, ರೆಡ್ ಅಲರ್ಟ್ ಇದೆ, ಜಿಲ್ಲಾಧಿಕಾರಿಯವರ ರಜೆ ಇದೆ. ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಚಾವಡಿಯುದ್ದ ಎಳೆದರೆ ಅದೇ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಬಸ್ಸು. 'ರೈಟ್ ಪೋಯಿ!', ಹೋಗೋಣ ಎಂದು ತುಳುವಿನಲ್ಲಿ ಕಂಡಕ್ಟರನ ಕೂಗು. ಬಸ್ಸು ಹಂಪನಕಟ್ಟೆ ಮುಟ್ಟುವಷ್ಟರಲ್ಲಿ ಅಮ್ಮನ ಫೋನು ಟಿಣ್ ಎನ್ನುತ್ತದೆ: ಇಂದಿನ ಕಲ್ಪನಾ ಆಟದ ವಿಡಿಯೋ, 30 ಸೆಕೆಂಡ್, ಫೋನ್ ಅಡ್ಡ ಹಿಡಿದು, ಮಗು ಸಮವಸ್ತ್ರದಲ್ಲಿರಬೇಕು.