ಧ್ರುವನಿಗೆ ಅಡ್ಡ ನಿಂತ ಟ್ಯಾಂಕು

ನಕ್ಷತ್ರಗಳ ಚಿತ್ರ ತೆಗೆಯುವವನಿಗೆ ಮೊದಲು ಬೇಕಾದದ್ದು ಟೆಲಿಸ್ಕೋಪು ಎಂದು ನಾನು ತಿಳಿದಿದ್ದೆ. ಆರು ಇಂಚಿನದೊಂದನ್ನು ಕೊಂಡು, ಎರಡು ಮಹಡಿ ಹೊತ್ತು, ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿಟ್ಟು, ಸೊಂಟ ಹಿಡಿದುಕೊಂಡು ಕೈಪಿಡಿಯನ್ನು ತೆರೆದಾಗ, ಮೊದಲು ಬೇಕಾದದ್ದು ಧ್ರುವ ನಕ್ಷತ್ರವೆಂದು ತಿಳಿಯಿತು. ಭೂಮಿ ತಿರುಗುವುದರಿಂದ ಆಕಾಶವು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಜಾರುತ್ತಿರುತ್ತದೆ. ಆ ಜಾರುವಿಕೆಯನ್ನು ಹಿಂಬಾಲಿಸುವ ಮೋಟಾರು ಕೆಲಸ ಮಾಡಬೇಕಾದರೆ ಪೀಠದ ಅಕ್ಷವನ್ನು ಧ್ರುವನ ಕಡೆಗೆ ಹೊಂದಿಸಬೇಕು.

ಊರಿನ ಅಕ್ಷಾಂಶ ಎಷ್ಟೋ ದಿಗಂತದಿಂದ ಧ್ರುವನ ಎತ್ತರವೂ ಅಷ್ಟೇ. ಲಂಡನ್ನಿನವರಿಗೆ ಅವನು 51 ಡಿಗ್ರಿ ಮೇಲೆ, ಯಾರ ಹಂಗೂ ಇಲ್ಲದೆ ಕುಳಿತಿರುತ್ತಾನೆ. ಬೆಂಗಳೂರಿನಲ್ಲಿ ಕೇವಲ 13 ಡಿಗ್ರಿ, ಎಂದರೆ ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಮೇಲೆ. ನಮ್ಮ ತಾರಸಿಯಿಂದ ನೋಡಿದರೆ ಕರಾರುವಾಕ್ಕಾಗಿ ಅಲ್ಲಿಯೇ ಪಕ್ಕದ ಮನೆಯ ರಾಯರ ನೀರಿನ ಟ್ಯಾಂಕು ಇದೆ. ತಂದೆಯ ತೊಡೆಯಿಂದ ಇಳಿಸಲ್ಪಟ್ಟು, ತಪಸ್ಸು ಮಾಡಿ ಅಚಲ ಪದವಿ ಪಡೆದ ಬಾಲಕನನ್ನು ಕಲಿಯುಗದಲ್ಲಿ ಒಂದು ಕಪ್ಪು ಟ್ಯಾಂಕು ಮರೆಮಾಡಿತ್ತು.

ದಿಕ್ಸೂಚಿಯಿಂದ ಉತ್ತರವನ್ನು ಗುರುತಿಸೋಣವೆಂದರೆ, ಮುಂದೆಂದಾದರೂ ಇನ್ನೊಂದು ಮಹಡಿ ಎಬ್ಬಿಸಬಹುದೆಂಬ ದೂರದೃಷ್ಟಿಯಿಂದ ನಮ್ಮ ತಂದೆಯವರು ಪಿಲ್ಲರುಗಳ ತುದಿಯಲ್ಲಿ ಕಬ್ಬಿಣದ ಸರಳುಗಳನ್ನು ಹಾಗೆಯೇ ಬಿಟ್ಟಿದ್ದರು. ದಿಕ್ಸೂಚಿಯ ಮುಳ್ಳು ಭೂಮಿಯನ್ನು ತೊರೆದು ಆ ಸರಳುಗಳಿಗೆ ನಿಷ್ಠೆ ತೋರಿತು. ಪಿಲ್ಲರಿನಿಂದ ಪಿಲ್ಲರಿಗೆ ಉತ್ತರ ದಿಕ್ಕು ಬದಲಾಗುತ್ತಿತ್ತು. ಕೊನೆಗೆ ಅಂದಾಜಿನ ಮೇಲೆ ಪೀಠವನ್ನು ನಿಲ್ಲಿಸಿ, 1,300 ಜ್ಯೋತಿರ್ವರ್ಷಗಳಾಚೆಯ ಮಹಾವ್ಯಾಧ (ಓರಿಯನ್) ನೀಹಾರಿಕೆಯೆಂಬ ಅನಿಲದ ಮೋಡದತ್ತ ಕ್ಯಾಮೆರಾವನ್ನು 60 ಸೆಕೆಂಡು ತೆರೆದಿಟ್ಟೆ. ಚಿತ್ರವನ್ನು ನೋಡಿದ ನನ್ನ ಹೆಂಡತಿ, "ರೀ, ಇದು ನಕ್ಷತ್ರವೋ, ಶ್ಯಾವಿಗೆ ಒಣಹಾಕಿದ್ದೋ?" ಎಂದು ಕೇಳಿದಳು. ನಾನು ಟ್ಯಾಂಕಿನ ವಿಷಯವನ್ನು ವಿವರಿಸಿದೆ. ಅವಳು ನೆಲ ಡೊಂಕಿನ ಗಾದೆಯನ್ನು ನಾಲಿಗೆಯ ತುದಿಯವರೆಗೆ ತಂದು ನುಂಗಿಕೊಂಡಳು.

2024ರ ಡಿಸೆಂಬರಿನಲ್ಲಿ ಗುರುಗ್ರಹವು ಸೂರ್ಯನಿಗೆ ಎದುರಾಗಿ ರಾತ್ರಿಯಿಡೀ ಬೆಳಗುತ್ತಿದ್ದಾಗ, ಗ್ರಹಗಳಿಗೆ ಧ್ರುವನ ಅಗತ್ಯ ಅಷ್ಟಿಲ್ಲವೆಂಬ ಧೈರ್ಯದಿಂದ ಮತ್ತೆ ತಾರಸಿಗೆ ಹತ್ತಿದೆ. ಗ್ರಹದ ವಿಡಿಯೋ ತೆಗೆದು, ಅದರ ಸಾವಿರಾರು ಚೌಕಟ್ಟುಗಳಲ್ಲಿ ಸ್ಪಷ್ಟವಾದವುಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಪೇರಿಸುವುದು ಕ್ರಮ. ಗುರುವು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುವುದರಿಂದ ಎಲ್ಲವೂ ಎರಡು ಮೂರು ನಿಮಿಷಗಳಲ್ಲಿ ಮುಗಿಯಬೇಕು. ಸಂಜೆಯೇ ಮಾಡಹೋದರೆ, ಹಗಲೆಲ್ಲ ಕಾದ ಕಾಂಕ್ರೀಟಿನಿಂದೇಳುವ ಬಿಸಿಗಾಳಿಯಲ್ಲಿ ಗುರುವು ಕುದಿಯುವ ಎಸರಿನಲ್ಲಿನ ಅಕ್ಕಿಯ ಕಾಳಿನಂತೆ ಕುಣಿಯುತ್ತಾನೆ. ಹಾಗಾಗಿ ಹನ್ನೊಂದರವರೆಗೆ ಕಾದು, ವಿಡಿಯೋ ಆರಂಭಿಸಿದ ಅರ್ಧ ನಿಮಿಷಕ್ಕೆ ಕೆಳಗಿನ ಬಾಡಿಗೆಯವರು ಸಂಪಿನ ಮೋಟಾರು ಹಾಕಿದರು. ತಾರಸಿ ಅದುರಿತು; ಎರಡು ಪಟ್ಟಿಗಳಿರಬೇಕಾದ ಗುರುವಿಗೆ ಆರು ಪಟ್ಟಿಗಳು ಬಂದವು. ಅವರಾದರೂ ಏನು ಮಾಡಿಯಾರು, ನೀರು ಖಾಲಿಯಾಗಿತ್ತು. ಮತ್ತೆ ನೀರು, ಮತ್ತೆ ಟ್ಯಾಂಕು.

ಫೆಬ್ರವರಿಯಲ್ಲಿ ರಾಯರ ಟ್ಯಾಂಕು ಬಿರುಕುಬಿಟ್ಟಿತು. ಅದನ್ನು ಕೆಳಗಿಳಿಸಿದ ಸಂಜೆ ನಾನು ಊಟವನ್ನೂ ಬಿಟ್ಟು ತಾರಸಿಗೆ ಓಡಿದೆ. ಉತ್ತರ ದಿಕ್ಕು ಸಂಪೂರ್ಣ ತೆರೆದಿತ್ತು. ಬೀದಿದೀಪಗಳ ಬೆಳಕು ಧೂಳಿನಲ್ಲಿ ಹರಡಿ, 13 ಡಿಗ್ರಿಯಲ್ಲೇಕೆ, 30 ಡಿಗ್ರಿಯವರೆಗೂ ನೀರು ಬೆರೆಸಿದ ಮಜ್ಜಿಗೆಯಂಥ ಮಂಕು ಕವಿದಿತ್ತು. ಧ್ರುವನು ಹೇಳಿಕೊಳ್ಳುವಷ್ಟು ಪ್ರಕಾಶದವನೇನೂ ಅಲ್ಲ. ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ.

"ಈಗ ಕಾಣ್ತಾನಾ ಸಾರ್ ನಿಮ್ಮ ಧ್ರುವ?" ಎಂದು ರಾಯರು ತಮ್ಮ ತಾರಸಿಯಿಂದ ಅಕ್ಕರೆಯಿಂದ ವಿಚಾರಿಸಿದರು.

"ಇವತ್ತು ಸ್ವಲ್ಪ ಮೋಡ, ರಾಯರೇ" ಎಂದೆ. ಮೋಡವಿರಲಿಲ್ಲ.

ಎರಡು ದಿನಗಳ ನಂತರ ಹೊಸ ಟ್ಯಾಂಕು ಬಂದಿತು. ಹಳೆಯದಕ್ಕಿಂತ 500 ಲೀಟರಿನಷ್ಟು ದೊಡ್ಡದು. ಅದನ್ನು ಮೇಲಕ್ಕೇರಿಸಲು ನಾನೂ ಕೈ ಹಾಕಿದೆ.