ರಜೆಯನ್ನು ಮೊದಲ ದಿನಕ್ಕೇ ಇಡಿ

ವೈದ್ಯಕೀಯ ಸೇವೆಗೆಂದು ಹೊರದೇಶಕ್ಕೆ ಹೋಗುವ ತಂಡಗಳ ವೇಳಾಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ವಾರವಿಡೀ ಶಿಬಿರ, ಕೊನೆಯ ದಿನ ಊರು ಸುತ್ತಾಟ. ದುಡಿದವರಿಗೆ ಬಹುಮಾನ ಕೊಟ್ಟ ಹಾಗೆ! ಗ್ವಾಟೆಮಾಲಾದ ಆಂಟಿಗುವಾದಲ್ಲಿ ನಮ್ಮ ತಂಡಕ್ಕೂ ಹೀಗೆಯೇ ಆಯಿತು.

ಊರು ಚಂದ, ಅದರಲ್ಲಿ ಎರಡು ಮಾತಿಲ್ಲ. ಕಲ್ಲುಹಾಸಿನ ಬೀದಿಗಳು, ಇಕ್ಕೆಲದಲ್ಲೂ ಅರಿಶಿನ, ಕಾವಿ, ನೀಲಿ ಬಳಿದ ತಗ್ಗು ಮನೆಗಳು, ದಕ್ಷಿಣಕ್ಕೆ ಆಗುವಾ ಜ್ವಾಲಾಮುಖಿ. ಸಾಂತಾ ಕತಲೀನಾ ಕಮಾನಿನ ಕೆಳಗೆ ನಮ್ಮವರೆಲ್ಲ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಫೋಟೊ ತೆಗೆಸಿಕೊಂಡರು. ಮಠದ ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ ಬೀದಿ ದಾಟಲೆಂದು ಕಟ್ಟಿದ ಕಮಾನು ಅದು. ಈಗ ಊರಿನಲ್ಲೇ ಅತಿ ಹೆಚ್ಚು ಕ್ಯಾಮೆರಾಗಳು ತಿರುಗುವುದು ಅದರತ್ತ. 1773ರ ಭೂಕಂಪಕ್ಕೆ ನಗರ ನೆಲಕಚ್ಚಿದಾಗ ರಾಜಧಾನಿಯನ್ನೇ ಬೇರೆಡೆಗೆ ಒಯ್ದರು. ಊರು ಬಿಡಿ ಎಂಬ ಅಪ್ಪಣೆಗೆ ಕೆಲವರು ಜಗ್ಗಲಿಲ್ಲ. ಗಿಡ್ಡವಾಗಿ, ದಪ್ಪ ಗೋಡೆಯಿಟ್ಟು ಕಟ್ಟಿದ್ದ ಹಳದಿ ಬಣ್ಣದ ಲಾ ಮೆರ್ಸೆದ್ ಚರ್ಚು ಕೂಡ ಜಗ್ಗಲಿಲ್ಲ.

ಸಾನ್ ಫ್ರಾನ್ಸಿಸ್ಕೊ ಚರ್ಚಿನಲ್ಲಿ ಪೆದ್ರೊ ಬೆತಾಂಕುರ್ ಅವರ ಸಮಾಧಿಯಿದೆ. ಬಡ ರೋಗಿಗಳು ಚೇತರಿಸಿಕೊಳ್ಳಲು 17ನೇ ಶತಮಾನದಲ್ಲೇ ಇಲ್ಲಿ ಆಸ್ಪತ್ರೆ ತೆರೆದವರು; 2002ರಲ್ಲಿ ಸಂತ ಪದವಿ ಪಡೆದರು. ಗುಣವಾದವರು ಒಪ್ಪಿಸಿಹೋದ ಊರುಗೋಲುಗಳು ಅಲ್ಲಿವೆ. ಈ ಊರಿಗೆ ಆರೈಕೆ ಎಂಬುದನ್ನು ತಂದವರೇ ತಾವು ಎಂಬ ಧಾಟಿಯಲ್ಲಿ ವಾರವೆಲ್ಲ ಮಾತಾಡಿದ್ದವರು ಅವುಗಳ ಮುಂದೆ ತುಸು ಹೊತ್ತು ಸುಮ್ಮನಾದರು.

ನನ್ನ ಮುಖ್ಯ ವಾದ ಹುಟ್ಟಿದ್ದು ಮಾರುಕಟ್ಟೆಯಲ್ಲಿ. ನಾನು ಫಿಸಿಯೋಥೆರಪಿಸ್ಟ್. ಶಿಬಿರಕ್ಕೆ ಬಂದ ಹೆಂಗಸರಲ್ಲಿ ಹಲವರಿಗೆ ಮೊಣಕಾಲು, ಸೊಂಟದ ನೋವು. ನಮ್ಮ ನಮೂನೆಯ ಉದ್ಯೋಗದ ಕಲಂನಲ್ಲಿ ಎಲ್ಲರಿಗೂ 'ಮನೆಗೆಲಸ' ಎಂದೇ ತುಂಬಲಾಗಿತ್ತು. ಮಾರುಕಟ್ಟೆಯಲ್ಲಿ ಒಬ್ಬಾಕೆ ಮಂಡಿಯೂರಿ ನೇಯುತ್ತಿದ್ದರು. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ಸೊಂಟದ ಹಿಂದಿನ ಪಟ್ಟಿಗೆ. ಹಾಸಿನ ಎಳೆ ಬಿಗಿಯಾಗಬೇಕಾದರೆ ಮೈಯನ್ನು ಹಿಂದಕ್ಕೆ ಚಾಚಬೇಕು, ಹೊಕ್ಕು ತೂರಿಸುವಾಗ ಮುಂದಕ್ಕೆ ಬಾಗಬೇಕು. ಒಂದು ಹುಯಿಪಿಲ್ ಕುಪ್ಪಸ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಸೊಂಟವೇ ಮಗ್ಗದ ಅರ್ಧ ಭಾಗವಾಗಿರುವಾಗ ನೋವಿನ ಮಾತ್ರೆ ಎಷ್ಟು ದಿನ ಕಾಪಾಡೀತು? ಇದನ್ನು ಮೊದಲ ದಿನವೇ ನೋಡಿದ್ದರೆ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತಿದ್ದವು. (ಅದೇ ಕುಪ್ಪಸಕ್ಕೆ ನಮ್ಮ ತಂಡದವರೊಬ್ಬರು ಅರ್ಧ ಬೆಲೆಗೆ ಚೌಕಾಸಿ ಮಾಡಿದರು. ಸೇವೆಯ ಅವಧಿ ಹಿಂದಿನ ಸಂಜೆಯೇ ಮುಗಿದಿತ್ತಲ್ಲ!)

ದಣಿದವರಿಗೆ ವಿಶ್ರಾಂತಿ ಬೇಡವೇ ಎಂದು ಕೇಳುತ್ತಾರೆ. ಬೇಕು, ಕೊನೆಯ ದಿನ ಹಾಯಾಗಿ ಮಲಗಲಿ.

ಮುಂದಿನ ಪ್ರವಾಸದ ಪಟ್ಟಿ ಬಂದಿದೆ; ಸುತ್ತಾಟ ಮತ್ತೆ ಕೊನೆಗೇ. ಶನಿವಾರ ರಾತ್ರಿ ತಲುಪುತ್ತೇವೆ, ಭಾನುವಾರ ಇಡೀ ದಿನ ಔಷಧಿ ಪೆಟ್ಟಿಗೆ ಜೋಡಿಸುವುದಂತೆ. ಅದನ್ನು ಸಂಜೆಗೆ ದೂಡಿ, ಬೆಳಗಿನ ಹೊತ್ತು ಎಲ್ಲರೂ ಮಾರುಕಟ್ಟೆಗೆ ಹೋಗೋಣ ಎಂದು ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.